ನಲವತ್ತೈದು ಖಾಲಿ ಚೀಲಗಳ ರಸೀದಿ

“ಆ ಸಾಲಿಯಾಗ ಉಪ್ಪಿಟ್ಟು ಮಾಡಾಕಿ ಒಂದು ಚೀಲ ನುಚ್ಚು ಹೊಡದಿದ್ಳು. ಸಿಕ್ಕಮ್ಯಾಲ ಹನುಮಪ್ಪನ ಗುಡಿಯಾಗ ದೀಪ ಮುಟ್ಟಿ ಆಣಿ ಮಾಡಿದ್ಳು. ಸಾಹೇಬ್ರು ದೇವರಿಗೆ ಅಂಜಿ ಬಿಟ್ಟು ಕಳಿಸಿದ್ರು.”

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಈ ಕಥೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಈಚೆಗೆ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಸನ್ಮಾನದ ದಿನ ಇದನ್ನೇ ಹೇಳಿ ಸಭೆಯನ್ನು ನಗಿಸಿದರು. ಮೂರನೆಯ ಸಾಲಿನ ಕುರ್ಚಿಯಲ್ಲಿ ನಾನೂ ಕುಳಿತಿದ್ದೆ. ನನಗೆ ನಗು ಬರಲಿಲ್ಲ. ಆ ಮೂರು ವಾಕ್ಯಗಳಲ್ಲಿ ಉಪ್ಪಿಟ್ಟು ಎಂಬುದೊಂದೇ ನಿಜ. ಆಕೆ ಕದಿಯಲಿಲ್ಲ. ಆಣೆಯನ್ನೂ ಮಾಡಲಿಲ್ಲ. ಆ ಸಾಹೇಬರು ದೇವರಿಗೆ ಅಂಜುತ್ತಿದ್ದರೋ ಇಲ್ಲವೋ ನಾನರಿಯೆ. ಕಾಗದಕ್ಕೆ ಮಾತ್ರ ಅಂಜುತ್ತಿದ್ದರು.

ಈ ಕಥೆಗೆ ಇನ್ನೊಂದು ಪಾಠಾಂತರವೂ ಇದೆ. ನನ್ನ ಮೇಲೆ ವಿಶ್ವಾಸವಿರುವ ಕೆಲವರು, ಗೋದಾಮಿನ ಕಾರಕೂನ ಜಾಣತನದಿಂದ ಆಕೆಯನ್ನು ಉಳಿಸಿದ ಎನ್ನುತ್ತಾರೆ. ಆ ಕಾರಕೂನ ನಾನೇ. ಆದ್ದರಿಂದ ಅದೂ ಸುಳ್ಳೆಂದು ಹೇಳುವ ಅಧಿಕಾರ ನನಗಿದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುಭಾಗ. ಶಾಲೆಯ ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟಿಗೆಂದು ಅಮೆರಿಕದಿಂದ ಗೋಧಿ ನುಚ್ಚು ಬರುತ್ತಿತ್ತು, ಡಬ್ಬಿಗಳಲ್ಲಿ ಎಣ್ಣೆ ಬರುತ್ತಿತ್ತು. ಹಡಗಿನಿಂದ ಇಳಿದು, ರೈಲು ಹತ್ತಿ, ಲಾರಿ ಹತ್ತಿ, ಹುಮನಾಬಾದಿನಲ್ಲಿ ಕಾಳುಕಡಿ ವ್ಯಾಪಾರದ ಅಡತ ಬಜಾರದ ಹಿಂದಿನ ಒಂದು ಬಾಡಿಗೆ ಗೋದಾಮಿನಲ್ಲಿ ಅವು ಬಂದು ಬೀಳುತ್ತಿದ್ದವು. ಅಲ್ಲಿಂದ ಸುತ್ತಲಿನ ಶಾಲೆಗಳಿಗೆ ಹಂಚುವುದು ನನ್ನ ಕೆಲಸ. ನಾನು ಉರ್ದು ನಾಲ್ಕನೆಯ ತರಗತಿ ಓದಿ ಬಿಟ್ಟವನು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ದಫ್ತರಗಳೆಲ್ಲ ಕನ್ನಡಕ್ಕೆ ಹೊರಳಿದಾಗ, ಅಂಗಡಿಗಳ ಬೋರ್ಡುಗಳನ್ನೂ ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳನ್ನೂ ಓದಿ ಅಕ್ಷರ ಕೂಡಿಸಿಕೊಂಡೆ. ಹೀಗೆ ಕಲಿತವನಿಗೆ ಒಂದು ಚಟ ಉಳಿದುಬಿಡುತ್ತದೆ. ಬರೆದದ್ದನ್ನು ಎರಡು ಸಲ ಓದುತ್ತಾನೆ. ಹೇಳಿದ್ದನ್ನು ಒಂದು ಸಲವಾದರೂ ತೂಗಿ ನೋಡುತ್ತಾನೆ.

ಒಂದು ಬೊಗಸೆ ಉಪ್ಪಿಟ್ಟಿನ ಹಿಂದೆ ಎಷ್ಟು ಕಾಗದಗಳಿದ್ದವು ಎಂಬುದನ್ನು ಇಂದಿನವರು ಊಹಿಸಲಾರರು. ದಿನದ ರಿಜಿಸ್ಟರಿನಲ್ಲಿ ಹಾಜರಿ ಎಷ್ಟು, ಉಂಡ ಮಕ್ಕಳೆಷ್ಟು, ಮಗುವಿಗೆ ಎಂಬತ್ತು ಗ್ರಾಮಿನಂತೆ ತೆಗೆದ ನುಚ್ಚೆಷ್ಟು, ಎಣ್ಣೆ ಎಷ್ಟು, ಉಳಿದದ್ದೆಷ್ಟು ಎಂದು ಬರೆದು ಹೆಡ್‌ಮಾಸ್ತರರು ರುಜು ಮಾಡಬೇಕು. ತಿಂಗಳಿಗೊಮ್ಮೆ ಅದರ ಸಾರಾಂಶ ಮೂರು ಪ್ರತಿಗಳಲ್ಲಿ. ಇದರ ಮೇಲೆ ಖಾಲಿ ಚೀಲಗಳ ಲೆಕ್ಕ ಬೇರೆ. ನುಚ್ಚು ತುಂಬಿದ ಬಿಳಿ ಬಟ್ಟೆಯ ಚೀಲಗಳ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರ ಅಚ್ಚಾಗಿರುತ್ತಿತ್ತು. ಆ ಚಿತ್ರವಿದ್ದ ಚೀಲವನ್ನು ಯಾರೂ ಮಾರಬಾರದು, ಹೊಲಿಸಿ ಅಂಗಿ ಮಾಡಿಕೊಳ್ಳಬಾರದು. ಎಣಿಸಿ ಗೋದಾಮಿಗೆ ಹಿಂದಿರುಗಿಸಬೇಕು. ಹಿಂದಿರುಗಿ ಬಂದ ಚೀಲಗಳಿಗೆ ನಾನು ಒಂದು ರಸೀದಿ ಕೊಡುತ್ತಿದ್ದೆ. ಅದರಲ್ಲಿ ‘ಖಾಲಿ ಚೀಲಗಳು ಇಷ್ಟು ತಲುಪಿದವು’ ಎಂಬ ಮಾತು ಮೊದಲೇ ಅಚ್ಚಾಗಿತ್ತು. ಸಂಖ್ಯೆ ತುಂಬಿ ಸಹಿ ಹಾಕುವುದಷ್ಟೇ ನನ್ನ ಪಾಲಿಗಿತ್ತು.

ನಾನು ಹೇಳುತ್ತಿರುವ ಶಾಲೆ ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವಿನ ಒಂದು ಹಳ್ಳಿಯದು. ಊರಿನ ಹೆಸರು ಬೇಡ. ಉಪ್ಪಿಟ್ಟು ಉಣ್ಣುವ ಮಕ್ಕಳು ಸುಮಾರು ಎಪ್ಪತ್ತು. ಅಲ್ಲಿನ ಹೆಡ್‌ಮಾಸ್ತರರು ಬಸವಕಲ್ಯಾಣದವರು. ಆ ವರ್ಷದ ಜೂನಿನಲ್ಲಷ್ಟೇ ವರ್ಗವಾಗಿ ಬಂದಿದ್ದರು. ಫೆಬ್ರವರಿಯಲ್ಲಿ ದಾಸ್ತಾನಿನ ವಾರ್ಷಿಕ ತಪಾಸಣೆಯ ಪತ್ರ ಬಂದಾಗ ಉಳಿದ ಶಾಲೆಗಳವರು ಚೀಲಗಳನ್ನು ಎಣಿಸಿ, ರಿಜಿಸ್ಟರಿನ ಕೊನೆಯ ಅಂಕಿಯನ್ನೇ ಎತ್ತಿ ಬರೆದು ಕಳುಹಿಸಿದರು. ಇವರೊಬ್ಬರು ಅಡತಿ ಅಂಗಡಿಯಿಂದ ತಕ್ಕಡಿ ಎರವಲು ತಂದು ಇದ್ದದ್ದನ್ನೆಲ್ಲ ತೂಗಿದರು. ರಿಜಿಸ್ಟರಿನ ಪ್ರಕಾರ ಆ ವರ್ಷ ಬಂದ ಚೀಲ ಐವತ್ತೊಂದು, ಮುಗಿದದ್ದು ನಲವತ್ತೈದು, ಉಳಿಯಬೇಕಾದದ್ದು ತುಂಬಿದ ಆರು. ಕೋಣೆಯಲ್ಲಿ ತುಂಬಿದ ಚೀಲಗಳು ಐದಿದ್ದವು. ಆರನೆಯದು ಬಾಯಿ ಬಿಚ್ಚಿಕೊಂಡಿತ್ತು, ಅದರ ತಳದಲ್ಲಿ ಒಂದು ಕಿಲೋ ಎಂಬತ್ತು ಗ್ರಾಂ ನುಚ್ಚಿತ್ತು. ಅವರು ಕೆಂಪು ಶಾಯಿಯಲ್ಲಿ ‘ಕೊರತೆ: ಇಪ್ಪತ್ತೊಂದು ಕಿಲೋ ಆರುನೂರು ಗ್ರಾಂ’ ಎಂದು ಬರೆದು, ಕೆಳಗೆ ಸಹಿ ಹಾಕಿ ಕಳುಹಿಸಿಬಿಟ್ಟರು.

ತಪಾಸಣೆಯ ಸಾಹೇಬರು ಮೈಸೂರು ಕಡೆಯವರು. ಕೆಟ್ಟ ಮನುಷ್ಯರಲ್ಲ. ನನ್ನನ್ನು ಕರೆಸಿ ಕೆಂಪು ಶಾಯಿಯ ಹಾಳೆ ಮುಂದಿಟ್ಟರು.

“ಅಡುಗೆಯವಳ ಕೈಯಲ್ಲಿ ಕೋಣೆಯ ಬೀಗದ ಕೈ ಇದೆ. ಕೊರತೆ ಹೆಚ್ಚುಕಡಿಮೆ ಒಂದು ಚೀಲ. ಇನ್ನೇನು ನೋಡುವುದಿದೆ?”

“ಒಂದು ಚೀಲ ಅಂತ ಯಾಕ ಹಿಡೀಬೇಕ್ರಿ? ಚೀಲಕ್ಕ ಇಪ್ಪತ್ತೆರಡು ಕಿಲೋ ಆರನೂರಾ ಎಂಬತ್ತು ಗ್ರಾಂ. ಇಲ್ಲಿ ಒಂದು ಕಿಲೋ ಎಂಬತ್ತು ಕಡಿಮಿ ಅದ.”

“ಒಂದು ಕಿಲೋ ಬಿಟ್ಟು ಕದ್ದಿದ್ದಾಳೆ ಅಂತ ಇಟ್ಟುಕೊಳ್ಳಿ.”

“ಕದಿಯೋರು ಚೀಲ ಹೊತಗೊಂಡು ಹೋಗ್ತಾರ್ರಿ. ನುಚ್ಚು ಸುರುವಿಕೊಂಡು, ಚೀಲ ಘಡಿ ಮಾಡಿ ಇಟ್ಟು ಹೋಗಂಗಿಲ್ಲ. ಇಲ್ಲಿ ಐವತ್ತೊಂದು ಚೀಲ ಪೂರಾ ಹಿಸಾಬಿಗೆ ಅದಾವ. ನಲವತ್ತೈದು ಚೀಲಕ್ಕ ನಾನೇ ರಸೀದಿ ಕೊಟ್ಟೀನಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ನನಗೆ ವಾದ ಬೇಡ. ಎಂಟು ದಿನ ಕೊಡುತ್ತೇನೆ. ನೀವೇ ಹೋಗಿ ನೋಡಿ ಬನ್ನಿ. ಬರವಣಿಗೆಯಲ್ಲಿ ಕಾರಣ ಬಂದರೆ ಸರಿ. ಬಾರದಿದ್ದರೆ ಆಕೆಯನ್ನು ತೆಗೆಯುತ್ತೇನೆ, ಠಾಣೆಗೂ ಬರೆಯುತ್ತೇನೆ.”

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಅಡಿಗೆಯಾಕೆ ಶಾಲೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಒಲೆ ಊದುತ್ತಿದ್ದಳು. ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ಕುರಿ ಹಿಂಡಿನೊಂದಿಗೆ ವರ್ಷದ ಅರ್ಧ ಭಾಗ ಮಹಾರಾಷ್ಟ್ರದ ಹೊಲಗಳಲ್ಲಿರುತ್ತಿದ್ದ. ಮನೆಯಲ್ಲಿ ಈಕೆ ಮತ್ತು ಏಳನೆಯ ತರಗತಿಯ ಮಗಳು. ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು.

“ಬರ್ರಿ, ಗೋದಾಮಿನ ಸಾಹೇಬ್ರ,” ಎಂದಳು, ಮುಖ ಎತ್ತದೆ. “ಒಬ್ರೇ ಬಂದೀರಿ? ಪೊಲೀಸ್ರು ಹಿಂದಿನ ಬಸ್ಸಿಗೆ ಬರ್ತಾರೇನು?”

“ನಾ ನುಚ್ಚು ತೂಗಾಕ ಬಂದೀನಿ ಅಕ್ಕಾ, ನಿನ್ನ ಹಿಡಿಯಾಕಲ್ಲ.”

“ತೂಗ್ರಿ. ಆದರ ಉಂಡು ತೂಗ್ರಿ. ಹಸದ ಹೊಟ್ಟಿಲೆ ತೂಗಿದ್ರ ಮುಳ್ಳು ನೆಟ್ಟಗ ನಿಂದ್ರಂಗಿಲ್ಲ.”

ಹಿಂದಿನ ಸಂಜೆ ಊರ ಹಿರಿಯರು ಆಕೆಯನ್ನು ಹನುಮಪ್ಪನ ಗುಡಿಗೆ ಕರೆದಿದ್ದರು, ದೀಪ ಮುಟ್ಟಿ ಆಣೆ ಮಾಡೆಂದು. ಆಕೆ ಹೋಗಲಿಲ್ಲ. “ನಾ ಮಾಡದ ತಪ್ಪಿಗೆ ದೇವರನ್ಯಾಕ ಎಬ್ಬಸ್ಲಿ?” ಎಂದು ಹೇಳಿ ಕಳುಹಿಸಿದಳಂತೆ. ಆ ನಿರಾಕರಣೆಯೇ ಅರ್ಧ ಊರಿಗೆ ಸಾಕ್ಷಿಯಾಯಿತು. ಈಗ ಕಥೆ ಹೇಳುವವರು ಆಣೆ ಮಾಡಿದಳೆಂದು ಹೇಳುತ್ತಾರೆ. ಅಂದು ಆಣೆ ಮಾಡಲಿಲ್ಲವೆಂದೇ ಆಕೆಯನ್ನು ಕಳ್ಳಿ ಎಂದರು. ಎರಡರಲ್ಲಿ ಯಾವುದು ಅವರಿಗೆ ಬೇಕೋ ಅವರೇ ತೀರ್ಮಾನಿಸಲಿ.

ನನ್ನ ಮೊದಲ ಸಂದೇಹ ಅಂಕಿಗಳ ಮೇಲೆ. ಚೀಲದ ಮೇಲೆ ತೂಕ ಐವತ್ತು ಪೌಂಡೆಂದು ಅಚ್ಚಾಗಿರುತ್ತಿತ್ತು, ರಿಜಿಸ್ಟರು ಕಿಲೋದಲ್ಲಿ. ಲೆಕ್ಕ ಸುಲಭವಾಗಲೆಂದು ಕೆಲವು ಶಾಲೆಗಳು ಚೀಲಕ್ಕೆ ಇಪ್ಪತ್ಮೂರು ಕಿಲೋ ಹಿಡಿಯುತ್ತಿದ್ದವು. ಹಾಗೆ ಹಿಡಿದಿದ್ದರೆ ಇಲ್ಲದ ನುಚ್ಚು ಕಾಗದದ ಮೇಲೆ ಬೆಳೆಯುತ್ತಿತ್ತು, ಕೊರತೆಯ ದೊಡ್ಡ ಭಾಗ ಅಲ್ಲಿಯೇ ಕರಗುತ್ತಿತ್ತು. ಹೆಡ್‌ಮಾಸ್ತರರ ರಿಜಿಸ್ಟರನ್ನು ಮೊದಲ ಪುಟದಿಂದ ಕೂಡಿಸಿ ನೋಡಿದೆ. ಒಂದು ಗ್ರಾಂ ಕೂಡ ಆಚೀಚೆ ಇರಲಿಲ್ಲ.

“ಇಪ್ಪತ್ಮೂರು ಹಿಡದಿದ್ರ ಆಕಿ ಉಳೀತಿದ್ಳು,” ಎಂದೆ.

“ಅದು ನನಗೂ ಗೊತ್ತದ,” ಎಂದರು ಅವರು. ಆ ಮನುಷ್ಯರ ಮುಖ ಬಾಡಿತ್ತು. “ನಾ ತಕ್ಕಡಿ ತಂದದ್ದೇ ತಪ್ಪಾತೇನ್ರಿ? ಹಿಂದಿನವರೆಲ್ಲ ಎಣಿಸಿ ಬರದ್ರು, ಆಕಿ ಆರಾಮ ಇದ್ಳು. ನಾ ತೂಗಿ ಬರದೆ, ಆಕಿ ಕಳ್ಳಿ ಆದ್ಳು.”

ನಾನು ರಿಜಿಸ್ಟರು ಮುಚ್ಚಿ ತಕ್ಕಡಿ ಕೇಳಿದೆ.

ಎರಡನೆಯ ಸಂದೇಹ ಅಳತೆಯ ಮೇಲೆ. ಆಕೆ ಎಣ್ಣೆಯ ಡಬ್ಬಿಯೊಂದನ್ನು ಕತ್ತರಿಸಿ ಮಾಡಿದ ಮಾಪಿನಲ್ಲಿ ನುಚ್ಚು ತೆಗೆಯುತ್ತಿದ್ದಳು. ಹತ್ತು ಮಕ್ಕಳಿಗೆ ಒಂದು ಮಾಪು. ನಮ್ಮ ಕಡೆ ಕಾಳನ್ನು ಶಿಖರ ಏರಿಸಿ ಅಳೆಯುವುದು ರೂಢಿ. ಶಿಖರ ಏರಿಸಿದರೆ ದಿನಕ್ಕೆ ನೂರು ನೂರೈವತ್ತು ಗ್ರಾಂ ಹೆಚ್ಚು ಹೋಗುತ್ತದೆ, ವರ್ಷಕ್ಕೆ ಒಂದು ಚೀಲವಾಗುತ್ತದೆ. ಇದೇ ಕಾರಣವೆಂದು ನಾನು ಮನಸ್ಸಿನಲ್ಲಿ ವರದಿಯನ್ನೂ ಬರೆದುಕೊಂಡಿದ್ದೆ. ಆದರೆ ಆಕೆ ಮಾಪು ತುಂಬಿದ ಮೇಲೆ ಅಂಗೈಯಿಂದ ಅಂಚಿಗೆ ಸರಿಯಾಗಿ ಸವರುತ್ತಿದ್ದಳು. ಹತ್ತು ಸಲ ತೂಗಿದೆ. ಹತ್ತೂ ಸಲ ಎಂಟುನೂರು ಗ್ರಾಂ.

“ಯಾರು ಕಲಿಸಿದ್ರು ಸವರೋದು?”

“ಮಾಸ್ತರ್ರು. ಸರಕಾರದ್ದು ಸವರಿ ಅಳಿಬೇಕಂತ. ಮನಿಯಾಗ ನಾ ಹೀಂಗ ಅಳದ್ರ ನಮ್ಮತ್ತಿ ಹೊರಗ ಹಾಕ್ತಿದ್ಳು.”

ಮಧ್ಯಾಹ್ನ ಮಕ್ಕಳು ಸಾಲಾಗಿ ಕುಳಿತರು. ನಾನೂ ಗೋಡೆಗೆ ಒರಗಿ ಒಂದು ತಾಟು ಹಿಡಿದು ಕುಳಿತೆ. ಆ ನುಚ್ಚಿಗೆ ತನ್ನದೇ ಒಂದು ವಾಸನೆಯಿತ್ತು, ಹೊಸ ಬಟ್ಟೆಯಂಥದು. ಆಕೆ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸು ಚೆನ್ನಾಗಿ ಸಿಡಿಸಿ ಅದನ್ನು ಅಡಗಿಸುತ್ತಿದ್ದಳು. ಒಬ್ಬ ಹುಡುಗಿ ಇನ್ನಷ್ಟು ಬೇಕೆಂದಳು. “ಎಂಬತ್ತು ಗ್ರಾಂ ಆತು ನಿಂದು, ಕಾರಕೂನ್ರು ಕುಂತಾರ ನೋಡು,” ಎಂದು ಆಕೆ ಗದರಿಸಿ, ಬೋಗುಣಿಯ ತಳಕ್ಕೆ ಹತ್ತಿದ್ದನ್ನು ಕೆರೆದು ಹಾಕಿದಳು. ಹೊತ್ತಿದ ಆ ಪದರು ಯಾವ ರಿಜಿಸ್ಟರಿಗೂ ಸೇರಿದ್ದಲ್ಲ. ಎಪ್ಪತ್ತೂ ಮಕ್ಕಳು ಅದಕ್ಕೇ ಕಾಯುತ್ತಿದ್ದರು.

ಆ ದಿನವೇ ಇಲಿಗಳ ಸಂದೇಹವೂ ಮುಗಿಯಿತು. ಇನ್ನೂ ಬಾಯಿ ಬಿಚ್ಚದ ಚೀಲಗಳನ್ನೆಲ್ಲ ತೂಗಿದೆ, ಸರಿಯಾಗಿದ್ದವು. ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಪ್ರತಿಯೊಂದು ಪರೀಕ್ಷೆಯೂ ಆಕೆಯ ಪ್ರಾಮಾಣಿಕತೆಯನ್ನು ತೋರಿಸಿತ್ತು. ಪ್ರತಿಯೊಂದೂ ಆಕೆಯ ಮೇಲಿನ ಆರೋಪವನ್ನು ಗಟ್ಟಿ ಮಾಡಿತ್ತು. ಲೆಕ್ಕ ಸರಿ, ಅಳತೆ ಸರಿ, ಇಲಿ ಇಲ್ಲ. ಹಾಗಾದರೆ ನುಚ್ಚನ್ನು ಕೈಯೇ ತೆಗೆದಿರಬೇಕು.

ಆಗ ಒಂದು ನಿರ್ಧಾರ ಮಾಡಿದೆ. ಇಲ್ಲಿಯವರೆಗೆ ನಾನು ನುಚ್ಚನ್ನು ನೋಡಿದ್ದೆ. ಇನ್ನು ಚೀಲವನ್ನು ನೋಡಬೇಕು. ಎಪ್ಪತ್ತು ಮಕ್ಕಳಿಗೆ ಒಂದು ಚೀಲ ನಾಲ್ಕು ದಿನ ಬರುತ್ತದೆ. ಒಂದು ಚೀಲದ ಬಾಯಿ ಬಿಚ್ಚಿದ ಗಳಿಗೆಯಿಂದ ಅದು ಬರಿದಾಗಿ, ಮಡಚಿ ಘಡಿಯಾಗುವ ಗಳಿಗೆಯವರೆಗೆ ಅದರ ಪಕ್ಕದಲ್ಲಿ ಕೂರುವುದು. ನಾಲ್ಕು ದಿನ ಹೋಗಿ ಬಂದೆ. ಗೋದಾಮಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಹೋದದ್ದಕ್ಕೆ ಬೇರೆ ಶಾಲೆಗಳವರು ಬೈದರು.

“ನನ್ನ ಗಂಡ ಸುದ್ದಾ ಇಷ್ಟು ಹೊತ್ತು ನನ್ನ ಮುಂದ ಕುಂತಿಲ್ರಿ,” ಎಂದಳು ಆಕೆ ಮೂರನೆಯ ದಿನ. “ಏನರ ಕೆಲಸ ಮಾಡ್ರಿ. ಮೆಣಸಿನಕಾಯಿ ತೊಟ್ಟು ಬಿಡಸ್ರಿ.”

ಬಿಡಿಸಿದೆ.

ನಾಲ್ಕನೆಯ ದಿನ ಚೀಲ ತಳ ಕಂಡಿತು. ಆಕೆ ಕೊನೆಯ ಮಾಪು ತುಂಬಿ, ಸವರಿ, ಬೋಗುಣಿಗೆ ಹಾಕಿದಳು. ಇನ್ನೂ ಅರ್ಧ ಮಾಪು ಬೇಕಿತ್ತು. ಚೀಲದಲ್ಲಿ ಅಷ್ಟು ಇತ್ತು, ನನಗೆ ಕಾಣುತ್ತಿತ್ತು. ಆಕೆ ಅದನ್ನು ತೆಗೆಯಲಿಲ್ಲ. ಹೊಸ ಚೀಲದ ಹೊಲಿಗೆ ಬಿಚ್ಚಿ, ಅದರಿಂದ ಅರ್ಧ ಮಾಪು ತೆಗೆದಳು. ಹಳೆಯ ಚೀಲವನ್ನು ತಳದಿಂದ ಮೇಲಕ್ಕೆ ಸುತ್ತುತ್ತ ಬಂದು, ಒಳಗಿದ್ದದ್ದು ಒಂದು ಮೂಲೆಗೆ ಕೂಡುವಂತೆ ಮಾಡಿ, ಆ ಮೂಲೆಯನ್ನು ದಾರದಿಂದ ಬಿಗಿದು, ಉಳಿದ ಬಟ್ಟೆಯನ್ನು ಅದರ ಮೇಲೆ ಅಚ್ಚುಕಟ್ಟಾಗಿ ಮಡಚಿದಳು. ನೋಡಿದವರಿಗೆ ಬರಿಯ ಘಡಿ.

“ಅದರಾಗ ಇನ್ನೂ ಅದ, ಅಕ್ಕಾ.”

“ಹೌದ್ರಿ, ಅದ.”

“ಯಾಕ ಬಿಟ್ಟಿ?”

ಆಕೆ ನನ್ನನ್ನು ನೋಡಿದ ರೀತಿ ಇಂದಿಗೂ ಕಣ್ಣ ಮುಂದಿದೆ. ಏನೂ ತಿಳಿಯದ ದೊಡ್ಡ ಮನುಷ್ಯನನ್ನು ಕಂಡು ಪಾಪವೆನ್ನಿಸಿದಂಥ ನೋಟ.

“ತುಂಬಿ ಬಂದ ಚೀಲ ಅಲ್ರಿ ಅದು? ಬರಿದು ಮಾಡಿ ಹ್ಯಾಂಗ ಹೊಳ್ಳಿ ಕಳಸ್ಲಿ? ಬಾಜು ಮನಿಯವರು ಡಬರಿಯಾಗ ಏನರ ಕೊಟ್ರ, ಡಬರಿ ತೊಳದು ಹಂಗೇ ಕೊಡ್ತಾರೇನು ನಿಮ್ಮ ಮನಿಯಾಗ?”

ಇಲ್ಲ, ಕೊಡುವುದಿಲ್ಲ. ನಮ್ಮ ಮನೆಯಲ್ಲೂ ಒಂದು ಚಿಟಿಕೆ ಸಕ್ಕರೆಯೋ ನಾಲ್ಕು ಕಾಳೋ ಹಾಕಿಯೇ ಕೊಡುತ್ತಾರೆ. ಹಾಕಿದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಅದು ಲೆಕ್ಕವಾಗುತ್ತದೆ.

“ಇದು ಸರಕಾರದ ಚೀಲ, ಅಕ್ಕಾ. ಯಾರ ಮನಿದೂ ಅಲ್ಲ.”

ಆಕೆ ಚೀಲದ ಮಡಿಕೆ ಬಿಡಿಸಿ ಅಚ್ಚಾದ ಚಿತ್ರ ತೋರಿಸಿದಳು. “ಮತ್ತ ಇವು ಯಾರ ಕೈ? ಒಂದು ಕೊಟ್ಟ ಕೈ, ಒಂದು ಇಸಗೊಂಡ ಕೈ. ನನಗ ಓದಾಕ ಬರಂಗಿಲ್ಲ, ಇಷ್ಟು ತಿಳೀತದ. ಎಲ್ಲಿಯವರೋ ಏನೋ, ನಮ್ಮ ಹುಡುಗ್ರಿಗೆ ಕಳಿಸ್ಯಾರ. ನಾವೇನು ದಿಕ್ಕಿಲ್ಲದವರೇನು, ಬರಿ ಚೀಲ ಕಳಸಾಕ? ಎರಡು ಬೊಗಸಿ, ಅಷ್ಟ.”

ಎರಡು ಬೊಗಸೆಯನ್ನು ತೂಗಿದೆ. ನಾನೂರ ಎಂಬತ್ತು ಗ್ರಾಂ.

ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾವಿಬ್ಬರೂ ಅದನ್ನು ಮನಸ್ಸಿನಲ್ಲೇ ನಲವತ್ತೈದರಿಂದ ಗುಣಿಸಿದೆವು. ಉತ್ತರವನ್ನು ಅವರು ಮೊದಲು ಹೇಳಿದರು: “ಇಪ್ಪತ್ತೊಂದು ಕಿಲೋ ಆರನೂರು.” ಹೇಳಿ, ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಇಲ್ಲಿಗೆ ಕಥೆ ಮುಗಿಯಿತೆಂದು ಓದುಗರು ತಿಳಿಯಬಾರದು. ಒಂದು ಚೀಲದ ಎರಡು ಬೊಗಸೆಯಿಂದ ನಲವತ್ತೈದು ಚೀಲಗಳ ಸಾಕ್ಷ್ಯವಾಗುವುದಿಲ್ಲ; ಸಾಹೇಬರು ಅದನ್ನು ಒಪ್ಪುವವರಲ್ಲ, ಒಪ್ಪಬಾರದು ಕೂಡ. ಉಳಿದ ಚೀಲಗಳು ನನ್ನ ಗೋದಾಮಿಗೇ ಬಂದಿದ್ದವು. ಅವುಗಳೊಳಗಿನ ನುಚ್ಚು ಎಲ್ಲಿಗೆ ಹೋಯಿತು? ಬಸ್ಸು ಅಡತ ಬಜಾರ ಮುಟ್ಟುವಷ್ಟರಲ್ಲಿ ನನಗೆ ಉತ್ತರ ಹೊಳೆಯಿತು, ಹೊಳೆದು ನಾಚಿಕೆಯಾಯಿತು.

ಗೋದಾಮಿನಲ್ಲಿ ಒಬ್ಬ ಹಮಾಲರಿದ್ದರು. ಮುದುಕರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಹಿಂದಿರುಗಿ ಬಂದ ಚೀಲಗಳನ್ನು ಹಿತ್ತಲಿನಲ್ಲಿ ಕೊಡವಿ ಒಟ್ಟುವುದು ಅವರ ಕೆಲಸ. ಆ ಹಿತ್ತಲಿನಲ್ಲಿಯೇ ಅವರ ಕೋಳಿಗಳಿದ್ದವು. ಬಜಾರದಲ್ಲಿ ಅಷ್ಟು ದುಂಡಗಿನ ಕೋಳಿಗಳು ಬೇರೆ ಯಾರಲ್ಲೂ ಇರಲಿಲ್ಲ.

“ಚಾಚಾ, ಆ ಸಾಲಿ ಚೀಲದಾಗ ನುಚ್ಚು ಇರ್ತಿತ್ತೇನು?”

“ಇರ್ತಿತ್ತಲ್ಲ ಮುನ್ಷೀಜಿ. ಆಕಿ ಭಾಳ ಶರೀಫ್ ಹೆಣಮಗಳು. ಮೂಲ್ಯಾಗ ಕಟ್ಟಿ ಕಳಸ್ತಿದ್ಳು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ? ನೀವು ‘ಎಷ್ಟು ಚೀಲ’ ಅಂತ ಕೇಳ್ತೀರಿ, ನಾ ಎಷ್ಟಂತ ಹೇಳ್ತೀನಿ. ಮತ್ತ ನಿಮಗೂ ಮುಟ್ಯಾದಲ್ಲ.”

“ನನಗ ಏನು ಮುಟ್ಯಾದ?”

“ತತ್ತಿ,” ಎಂದರು ಚಾಚಾ.

ಪ್ರತಿ ಶುಕ್ರವಾರ ಅವರು ನನ್ನ ಮನೆಗೆ ನಾಲ್ಕು ಮೊಟ್ಟೆ ಕೊಟ್ಟು ಕಳುಹಿಸುತ್ತಿದ್ದರು. ಅದು ನಿಜ. ನಾನು ತಿಂದದ್ದೂ ನಿಜ.

ಆದರೆ ನಮ್ಮ ಅದೃಷ್ಟ. ಜನವರಿಯ ಕೊನೆಯಿಂದ ಚಾಚಾ ಅವರ ಮೊಣಕಾಲು ಬಾತು, ಆ ಶಾಲೆಯಿಂದ ಕೊನೆಗೆ ಬಂದ ಹನ್ನೆರಡು ಚೀಲಗಳು ಕೊಡವದೆ ಹಾಗೆಯೇ ಬಿದ್ದಿದ್ದವು. ನಾನು ಅವನ್ನು ಮುಟ್ಟಲಿಲ್ಲ, ಚಾಚಾ ಅವರಿಗೂ ಮುಟ್ಟಗೊಡಲಿಲ್ಲ. ಏಳನೆಯ ದಿನ ಸಾಹೇಬರನ್ನೂ ಹೆಡ್‌ಮಾಸ್ತರರನ್ನೂ ಗೋದಾಮಿಗೆ ಕರೆದೆ. ಮೊದಲು ಗಂಟು ಸಹಿತ ಪ್ರತಿ ಚೀಲವನ್ನೂ ತೂಗುವುದು, ಆಮೇಲೆ ಬಿಚ್ಚಿ, ಕೊಡವಿ, ಬರಿಯ ಬಟ್ಟೆಯನ್ನು ತೂಗುವುದು, ವ್ಯತ್ಯಾಸವನ್ನು ಬರೆಯುವುದು ಎಂದು ಗೊತ್ತು ಮಾಡಿದೆವು. ಮೊದಲ ಗಂಟನ್ನು ಸಾಹೇಬರೇ ಬಿಚ್ಚಿದರು. ಉಗುರು ನೋಯುವಷ್ಟು ಬಿಗಿಯಾಗಿತ್ತು. ಹನ್ನೆರಡರಿಂದಲೂ ಕೂಡಿ ಬಂದದ್ದು ಐದು ಕಿಲೋ ಏಳುನೂರು ಗ್ರಾಂ. ಸರಾಸರಿ ನಾನೂರ ಎಪ್ಪತ್ತೈದು. ನಲವತ್ತೈದು ಚೀಲಕ್ಕೆ ಇಪ್ಪತ್ತೊಂದು ಕಿಲೋ ಮುನ್ನೂರ ಎಪ್ಪತ್ತೈದು.

“ಇನ್ನೂ ಇನ್ನೂರ ಇಪ್ಪತ್ತೈದು ಗ್ರಾಂ ಸಿಗಲಿಲ್ಲ,” ಎಂದರು ಹೆಡ್‌ಮಾಸ್ತರರು. ಯಾರೂ ಅವರನ್ನು ಕೇಳಿರಲಿಲ್ಲ.

ಸಾಹೇಬರು ಕೈಗೆ ಹತ್ತಿದ ನುಚ್ಚನ್ನು ಕೊಡವಿದರು. “ಆಕೆ ಕಳ್ಳಿಯಲ್ಲ ಎಂಬುದನ್ನು ನಾನು ಒಪ್ಪಿದೆ. ಆದರೆ ಇದನ್ನು ಎಲ್ಲಿ ಬರೆಯಲಿ? ನಷ್ಟದ ತಖ್ತೆಯಲ್ಲಿ ಇರುವುದು ನಾಲ್ಕೇ ಕಾರಣ. ಇಲಿ, ಹುಳ, ಮಳೆ, ಸೋರಿಕೆ. ಇಲಿ ಎಂದು ಬರೆದುಬಿಡಿ ಮಾಸ್ತರೇ, ಇಲ್ಲಿಗೆ ಮುಗಿಯಲಿ.”

“ಕೋಳಿ ತಿಂದದ್ದನ್ನ ಇಲಿ ತಿಂದಾವ ಅಂತ ಬರಿಯಾಕ ನನ್ನ ಕೈ ಬರಂಗಿಲ್ರಿ.”

“ಹಾಗಾದರೆ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ. ಕಾರಣ ಬರೆಯದ ಕೊರತೆಗೆ ಬೀಗದ ಕೈ ಇದ್ದವರೇ ಹೊಣೆ. ನಿಯಮ ನಾನು ಮಾಡಿದ್ದಲ್ಲ.”

ಇಬ್ಬರೂ ಸರಿಯಾಗಿದ್ದರು, ಇಬ್ಬರೂ ಅಲುಗುವವರಲ್ಲ. ನಾನು ನನ್ನ ರಸೀದಿ ಪುಸ್ತಕವನ್ನು ತೆಗೆದೆ. ಆ ವರ್ಷ ಆ ಶಾಲೆಗೆ ಕೊಟ್ಟ ರಸೀದಿಗಳು ನಾಲ್ಕು. ನಾಲ್ಕರಲ್ಲೂ ‘ಖಾಲಿ ಚೀಲಗಳು ತಲುಪಿದವು’ ಎಂಬ ಅಚ್ಚಿನ ಮಾತಿನ ಕೆಳಗೆ ನನ್ನ ಸಹಿಯಿತ್ತು. ಅವು ಖಾಲಿಯಾಗಿರಲಿಲ್ಲ. ಆ ವರ್ಷ ಬರೆದ ಎಲ್ಲ ಕಾಗದಗಳಲ್ಲಿ ಸುಳ್ಳಾಗಿದ್ದದ್ದು ಇವೇ, ಸುಳ್ಳು ನನ್ನದು. ನುಚ್ಚು ಶಾಲೆಯಲ್ಲಿ ಕಳೆದಿರಲಿಲ್ಲ. ಶಾಲೆ ಅದನ್ನು ಗೋದಾಮಿಗೆ ತಲುಪಿಸಿತ್ತು, ಗೋದಾಮು ಬರೆದುಕೊಂಡಿರಲಿಲ್ಲ.

ನಾಲ್ಕೂ ರಸೀದಿಗಳಲ್ಲಿ ‘ಖಾಲಿ’ ಎಂಬುದನ್ನು ಒಂದು ಗೆರೆಯಿಂದ ಹೊಡೆದೆ. ಪಕ್ಕದಲ್ಲಿ, ಚೀಲಗಳೊಂದಿಗೆ ಇಷ್ಟು ನುಚ್ಚು ಹಿಂದಿರುಗಿ ಬಂದಿತ್ತೆಂದೂ, ನೋಡದೆ ಸಹಿ ಹಾಕಿದ್ದು ನನ್ನ ತಪ್ಪೆಂದೂ ಬರೆದು, ಮತ್ತೆ ಸಹಿ ಮಾಡಿದೆ.

“ಇದರಿಂದ ನಿಮಗೆ ಮೆಮೊ ಬರುತ್ತದೆ,” ಎಂದರು ಸಾಹೇಬರು.

“ಬರ್ಲ್ರಿ. ತತ್ತಿ ತಿಂದೀನಿ.”

ಮೆಮೊ ಬಂತು. ನನ್ನ ಸರ್ವಿಸ್ ಪುಸ್ತಕದಲ್ಲಿರುವ ಒಂದೇ ಒಂದು ಮೆಮೊ ಅದು. ಜಾಣತನದಿಂದ ಉಳಿಸಿದ ಎನ್ನುವವರು ಅದನ್ನು ಓದಬೇಕು. ಅಜಾಗರೂಕತೆ ಎಂಬ ಪದ ಅದರಲ್ಲಿ ಎರಡು ಸಲ ಬಂದಿದೆ.

ಇನ್ನು ಉಳಿದದ್ದು ಮುಂದಿನ ವರ್ಷದ ಪ್ರಶ್ನೆ. ಚೀಲಗಳನ್ನು ಪೂರ್ತಿ ಬರಿದು ಮಾಡಿ ಕಳುಹಿಸುತ್ತೇನೆಂಬ ಮುಚ್ಚಳಿಕೆಗೆ ಆಕೆಯ ಹೆಬ್ಬೆಟ್ಟು ತರುವಂತೆ ಸಾಹೇಬರು ಹೇಳಿದರು. ನಾನು ಹಾಳೆ, ಶಾಯಿಯ ಡಬ್ಬಿ ಹಿಡಿದು ಹೋದೆ. ಎಲ್ಲವನ್ನೂ ಓದಿ ಹೇಳಿದೆ. ನುಚ್ಚು ಅಮೆರಿಕಕ್ಕೆ ಹೋಗುವುದಿಲ್ಲ, ಚಾಚಾ ಅವರ ಕೋಳಿಗಳಿಗೆ ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಅದಕ್ಕೆ ನಕ್ಕಳು. “ಕೋಳಿ ತಿಂದ್ರೂ ಕೊಟ್ಟಂಗ ಆತಲ್ರಿ,” ಎಂದಳು. ಆಮೇಲೆ ಒಲೆಗೆ ಒಂದು ಕಟ್ಟಿಗೆ ಒಟ್ಟಿದಳು.

“ಹೆಬ್ಬಟ್ಟು ಒತ್ತತೀನ್ರಿ, ಸಾಹೇಬ್ರ. ಆದರ ಕೈ ಕೇಳಂಗಿಲ್ಲ. ಒತ್ತಿ ಸುಳ್ಳಾಗೋದಕಿಂತ, ಒತ್ತದಂಗ ಮನಿಗೆ ಹೋಗ್ತೀನಿ.”

ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹೆಡ್‌ಮಾಸ್ತರರು ಒಳಗೆ ಹೋಗಿ ಅಡಿಪಟ್ಟಿ ತಂದರು. ಚೀಲಗಳ ರಿಜಿಸ್ಟರಿನ ಕೊನೆಯಲ್ಲಿ ಒಂದು ಗೆರೆ ಎಳೆದು ಹೊಸ ಕಾಲಮು ಮಾಡಿ, ಅದರ ತಲೆಗೆ ‘ಚೀಲದೊಂದಿಗೆ ಹೊಳ್ಳಿ ಕಳುಹಿಸಿದ್ದು’ ಎಂದು ಬರೆದರು. ನಾನು ನನ್ನ ರಸೀದಿ ಪುಸ್ತಕದಲ್ಲಿ ಅದಕ್ಕೆ ಜೋಡಿಯಾದ ಕಾಲಮು ಎಳೆದೆ. ಬಂದ ನುಚ್ಚನ್ನು ತೂಗಿ, ಬರೆದು, ಮುಂದಿನ ಹಂಚಿಕೆಯಲ್ಲಿ ಅದೇ ಶಾಲೆಗೆ ಕಳುಹಿಸತೊಡಗಿದೆ. ಆಕೆ ಕಳುಹಿಸಿದ್ದು ಆಕೆಗೇ ಹೋಗುತ್ತಿತ್ತು. ಅದನ್ನು ನಾವಿಬ್ಬರೂ ಆಕೆಗೆ ಹೇಳಲಿಲ್ಲ. ಸಾಹೇಬರು ಮುಂದಿನ ತಪಾಸಣೆಗೆ ಬಂದಾಗ ಆ ಕಾಲಮನ್ನು ಬಹಳ ಹೊತ್ತು ನೋಡಿದರು. ಇದು ಯಾವ ಆದೇಶದ ಪ್ರಕಾರ ಎಂದು ಕೇಳುವರೆಂದು ಕಾದೆವು. ಕೆಳಗೆ ಹಸಿರು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಹೋದರು. ಚಾಚಾ ಅವರ ಕೋಳಿಗಳು ಮಾತ್ರ ಸೊರಗಿದವು, ಅದಕ್ಕೆ ಅವರು ನನ್ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಆಕೆ ಆ ಶಾಲೆಯಲ್ಲಿ ನುಚ್ಚು ಬರುವುದು ನಿಲ್ಲುವವರೆಗೂ ಉಪ್ಪಿಟ್ಟು ಮಾಡಿದಳು. ಆ ರಿಜಿಸ್ಟರು ಈಗಲೂ ಶಾಲೆಯ ಕಬ್ಬಿಣದ ಕಪಾಟಿನಲ್ಲಿದೆ. ಹೋದ ತಿಂಗಳು ನಾನೇ ಹೋಗಿ ಪುಟ ತಿರುವಿ ಬಂದೆ. ಕೆಂಪು ಶಾಯಿಯ ಕೊರತೆ, ಅದರ ಕೆಳಗೆ ಹೆಡ್‌ಮಾಸ್ತರರ ಕೈಬರಹದಲ್ಲಿ ‘ಇನ್ನೂರ ಇಪ್ಪತ್ತೈದು ಗ್ರಾಂ ಕಾರಣ ತಿಳಿದಿಲ್ಲ’, ಎದುರು ಪುಟದಲ್ಲಿ ಅಡಿಪಟ್ಟಿಯಿಂದ ಎಳೆದ ಕಾಲಮು, ಹಸಿರು ಶಾಯಿ. ಯಾರು ಬೇಕಾದರೂ ನೋಡಬಹುದು.

ಕಾಗದವನ್ನು ನಂಬದವರಿಗೆ ಇನ್ನೊಂದು ದಾರಿ ಇದೆ. ಆಕೆ ಈಗ ಬಸವಕಲ್ಯಾಣದಲ್ಲಿ, ಕೋಟೆಯ ಕಡೆಯ ಓಣಿಯೊಂದರಲ್ಲಿ, ಶಿಕ್ಷಕಿಯಾಗಿರುವ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂದವಾಗಿದೆ, ಕೈ ಗಟ್ಟಿಯಾಗಿದೆ. ಒಂದು ಡಬ್ಬಿಯಲ್ಲಿ ಏನಾದರೂ ಹಾಕಿ ಆಕೆಗೆ ಕೊಟ್ಟು ಕಳುಹಿಸಿ. ಡಬ್ಬಿ ಹೊಳ್ಳಿ ಬಂದ ಮೇಲೆ ಮುಚ್ಚಳ ತೆಗೆದು ನೋಡಿ. ಅದು ಬರಿದಾಗಿ ಬಂದಿದ್ದರೆ, ನಾನು ಇಲ್ಲಿ ಬರೆದದ್ದೆಲ್ಲ ಸುಳ್ಳು.